ತುದಿ ಕೆರೆದು ಕಟ್ಟಿದ ತಂತಿ

ಗಾಜಿನ ತೊಟ್ಟಿಯ ಫಿಲ್ಟರಿನ ಮುಚ್ಚಳ ತೆಗೆದಾಗ ಒಳಗಿನ ಬಿಳಿ ಪದರಿನ ಮೇಲೆ ರವೆಯ ಕಾಳಿನಂಥದ್ದು ಏನೋ ಅಂಟಿಕೊಂಡಿತ್ತು. ಟೈಲರಮ್ಮ ಮೊದಲು ಅದನ್ನು ತಾನೇ ಹಾಕಿದ ಆಹಾರದ ಪುಡಿ ಎಂದುಕೊಂಡಳು. ಸೂಜಿಗೆ ದಾರ ಪೋಣಿಸುವ ಕನ್ನಡಕ ಏರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಆ ಕಾಳುಗಳಿಗೆ ಕಣ್ಣುಗಳಿದ್ದವು. ಎರಡೆರಡು ಕಪ್ಪು ಚುಕ್ಕೆ, ಕೂದಲೆಳೆಗಿಂತ ಸಣ್ಣ ಕಾಲು. ಎಣಿಸಬಾರದಿತ್ತು, ಎಣಿಸಿದಳು. ಸತ್ತ ಇಪ್ಪತ್ತಮೂರು ಸೀಗಡಿ ಮರಿಗಳು.

ಹೊಲಿಗೆ ಯಂತ್ರದ ಮುಂದೆ ಕುಳಿತು, ಯಾರದೋ ಕೋಟಿನ ತೋಳನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು. ಐವತ್ತೇಳು ವರ್ಷದ ಹೆಂಗಸು ಸೀಗಡಿಗಾಗಿ ಅತ್ತಳೆಂದರೆ ನಗುವವರು ನಗಲಿ. ನಗುವವರ ಅಣ್ಣ ಹನ್ನೆರಡು ವರ್ಷ ಸಾಕಿದ ಸಂತತಿ ಅವರ ಕೈಗೆ ಬಂದ ಎಂಟೇ ತಿಂಗಳಲ್ಲಿ ಮುಗಿಯುವ ಹಂತಕ್ಕೆ ಬಂದಿರಲಿಕ್ಕಿಲ್ಲ.

ತೊಟ್ಟಿ ಅಣ್ಣನದು. ಅಣ್ಣನದು ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟುಹೋದ ಪಂಪು, ಫ್ಯಾನುಗಳ ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತಿ ಜೀವ ಬರಿಸುತ್ತಿದ್ದ. ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಅಡ್ಡಾದವನು ಏಳಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಅತ್ತಿಗೆ, ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳನ್ನು ಜೊತೆಗೆ ಕರೆದುಕೊಂಡು, ತೊಟ್ಟಿಯನ್ನು ಗಾಡಿಯಲ್ಲಿ ತಂದು ಟೈಲರಮ್ಮನ ಅಂಗಡಿಯ ಕಿಟಕಿಯ ಪಕ್ಕ ಇಳಿಸಿಬಿಟ್ಟಳು. ಅದರ ಜೊತೆಗೆ ಅಣ್ಣನ ಸಾಮಾನಿನ ಒಂದು ಡಬ್ಬವೂ ಬಂತು.

"ನೀನೇ ಇಟ್ಕೋ," ಎಂದಳು ಅತ್ತಿಗೆ. "ಮದುವೆಯಾಗಿ ಬಂದ ದಿನದಿಂದ ಈ ನೀರಲ್ಲಿ ಕೈಯಾಡಿಸಿ ಆಡಿಸಿ ನಂಗೆ ಸಾಕಾಗಿದೆ. ನಿಮ್ಮಣ್ಣಂಗೆ ಗೀಳು, ನಂಗೆ ಗೋಳು. ಒಂದು ದಿನ, ಒಂದೇ ಒಂದು ದಿನಾನೂ ಅವರು ಬೆರಳು ಒದ್ದೆ ಮಾಡ್ಕೊಳ್ಳಲಿಲ್ಲ."

ಅದು ಸುಳ್ಳಲ್ಲ. ಅತ್ತಿಗೆ ಬರುವ ಮೊದಲು ಆ ನೀರಿನಲ್ಲಿ ಆಡುತ್ತಿದ್ದದ್ದು ಟೈಲರಮ್ಮನ ಕೈ. ಆಗ ಅವಳಿಗೆ ಹತ್ತೋ ಹನ್ನೊಂದೋ. ಎರಡು ಕೋಣೆಯ ಮನೆ. ಹಿಂದಿನ ಕೋಣೆಯಲ್ಲಿ ಒಡೆದ ಕಿಟಕಿಯ ಗಾಜುಗಳನ್ನು ಅಂಟಿಸಿ ಅಣ್ಣ ಮಾಡಿದ ತೊಟ್ಟಿ. ಅದರಲ್ಲಿ ಕಾಲುವೆಯಿಂದ ಹಿಡಿದು ತಂದ, ಮೈಯೊಳಗಿನ ಕರುಳು ಕಾಣುವ ತೆಳ್ಳನೆಯ ಸೀಗಡಿಗಳು. ಕೆಂಪು ಸೀಗಡಿಗಳೆಲ್ಲ ಬಂದದ್ದು ಎಷ್ಟೋ ವರ್ಷದ ನಂತರ. ಅವಳು ಬೀದಿಯಲ್ಲಿ ಕುಂಟಾಟ ಆಡುತ್ತಿದ್ದರೆ, ಕೆಲಸ ಮುಗಿಸಿ ಬಂದ ಅಣ್ಣ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ಬಾರೇ, ನಿನ್ನ ಕೈ ಬೇಕು."

ಅವಳು ಮುಖ ಊದಿಸಿಕೊಂಡು ಬರುತ್ತಿದ್ದಳು. ಅಣ್ಣ ತೊಟ್ಟಿಯಿಂದ ಒಂದು ಮಾರು ದೂರ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತು ಅಪ್ಪಣೆ ಕೊಡುತ್ತಿದ್ದ. ಆ ಕೊಳೆತ ಎಲೆ ತೆಗಿ. ಅದಲ್ಲ, ಎಡಗಡೆಯದು. ನಿಧಾನ, ಅಲ್ಲೊಂದು ಬಸುರಿ ಕೂತಿದೆ. ಮೊಣಕೈವರೆಗೆ ನೀರಲ್ಲಿ ಅದ್ದಿಕೊಂಡು ಅವಳು ಬೈಯುತ್ತಿದ್ದಳು: "ದೊರೆಗಳ ಕೈ ಒದ್ದೆಯಾದ್ರೆ ಕಿರೀಟ ಬಿದ್ದು ಹೋಗತ್ತಾ?" ದೊರೆ ನಗುತ್ತಿದ್ದ. ಆಮೇಲೆ ಇಬ್ಬರೂ ನೆಲದ ಮೇಲೆ ಕುಳಿತು, ಸಂಜೆಯ ಬೆಳಕು ಗಾಜಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜರುಗುವ ತನಕ ನೋಡುತ್ತಿದ್ದರು. ಒಂದು ಪುಟ್ಟ ಸೀಗಡಿ ಬಂದು ಅವಳ ಬೆರಳ ತುದಿಯನ್ನು ಕೆದಕುತ್ತಿದ್ದದ್ದು, ಆ ಕಚಗುಳಿ, ನಲವತ್ತೈದು ವರ್ಷದ ನಂತರವೂ ಆ ಬೆರಳಿಗೆ ನೆನಪಿದೆ. ಆಗ ಆಟ ತಪ್ಪಿತೆಂದು ಗೊಣಗಿದವಳು ಈಗ, ಯಾರಾದರೂ ಹಾಗೊಮ್ಮೆ ಬಾಗಿಲಲ್ಲಿ ನಿಂತು ಕರೆಯಲಿ ಎಂದು ಹಂಬಲಿಸುತ್ತಾಳೆ. ಮನುಷ್ಯರ ಬುದ್ಧಿಯೇ ಅಷ್ಟು.

ತೊಟ್ಟಿ ಸಾಗಿಸುವಾಗ ಅಣ್ಣನ ಹಳೆಯ ಗಾಳಿಪಂಪು ಬಿದ್ದು ಒಡೆದಿತ್ತು, ಸ್ಪಂಜು ಪುಡಿಯಾಗಿತ್ತು. ಟೈಲರಮ್ಮ ಅಲಂಕಾರದ ಮೀನು ಮಾರುವ ಅಂಗಡಿಗೆ ಹೋಗಿ ಅಂಗೈಯಗಲದ ಹೊಸ ಫಿಲ್ಟರ್ ತಂದಳು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬಂತೆ ಅದು ಹಗಲಿರುಳು ನೀರೆಳೆದು ನೀರುಗುಳಿ, ತೊಟ್ಟಿಯನ್ನು ಕನ್ನಡಿಯ ಹಾಗೆ ಇಟ್ಟಿತು. ಅದರ ಬಾಯಿಯ ಸೀಳುಗಳು ಬೆಂಕಿಕಡ್ಡಿ ತೂರುವಷ್ಟು ಅಗಲ ಎಂಬುದನ್ನು ಅವಳು ಗಮನಿಸಲೇ ಇಲ್ಲ. ಅಂಗಡಿಯವನು ಮೀನಿನ ಲೆಕ್ಕದಲ್ಲಿ ಕೊಟ್ಟಿದ್ದ. ಇವಳು ಸೀಗಡಿಯೆಂದು ಬಾಯಿ ಬಿಟ್ಟು ಹೇಳಿರಲಿಲ್ಲ.

ಬಂದಾಗ ಒಂಬತ್ತಿದ್ದವು. ಸೀಗಡಿಗೆ ಆಯುಸ್ಸೇ ಎರಡು ವರ್ಷದ ಒಳಗೆ; ಮುದಿಯಾದವು ಒಂದೊಂದಾಗಿ ಹೋದವು. ಹುಟ್ಟಿದ ಮರಿಗಳೆಲ್ಲ ಎಲ್ಲಿಗೆ ಹೋದವೆಂಬುದು ಇವತ್ತು ಗೊತ್ತಾಯಿತು. ಉಳಿದದ್ದು ಮೂರು: ಎರಡು ಗಂಡು, ಒಂದು ಹೆಣ್ಣು. ಕಣ್ಣೊರೆಸಿಕೊಂಡು ಗಾಜಿನ ಹತ್ತಿರ ಹೋದರೆ ಆ ಹೆಣ್ಣಿನ ಹೊಟ್ಟೆಯ ಕೆಳಗೆ ಮತ್ತೆ ಹಳದಿ ಮೊಟ್ಟೆಗಳ ಗೊಂಚಲು ಕಂಡಿತು. ಮರಿಯಾಗಲು ಮೂರು ವಾರ. ಅದಕ್ಕೂ ವಯಸ್ಸಾಗಿತ್ತು, ಇದೇ ಕೊನೆಯ ಬಸಿರು. ಈ ಸಲವೂ ಫಿಲ್ಟರ್ ನುಂಗಿದರೆ ಅಣ್ಣನ ಸೀಗಡಿಗಳ ಕತೆ ಮುಗಿಯಿತು.

ಅವಳು ಅವತ್ತು ಯಾರ ಬಟ್ಟೆಯನ್ನೂ ಹೊಲಿಯಲಿಲ್ಲ. ಮರಿ ನುಸುಳದಂತೆ, ನೀರು ಮಾತ್ರ ಹಾಯುವಂತೆ ಫಿಲ್ಟರಿನ ಬಾಯಿಗೆ ಬಟ್ಟೆ ಹೊಲಿಯಬೇಕು. ಇಂಥ ಗಿರಾಕಿ ಇದುವರೆಗೆ ಬಂದಿರಲಿಲ್ಲ ನಿಜ, ಆದರೆ ಬಾಯಿ ಅಂದರೆ ಬಾಯಿ, ಅಳತೆ ಅಂದರೆ ಅಳತೆ. ಪರದೆಯ ಬಲೆಬಟ್ಟೆ ತೆಗೆದು ನೋಡಿದಳು. ಅಂಗಡಿಯ ಗಂಜಿ ಎಷ್ಟು ತೊಳೆದರೂ ಬಿಡಲಿಲ್ಲ. ಕೊನೆಗೆ ಯಾರೋ ಬಿಟ್ಟುಹೋಗಿದ್ದ ತೆಳು ನೈಲಾನ್ ಕಾಲುಚೀಲ ಸಿಕ್ಕಿತು. ಸೋಪು ಮುಟ್ಟಿಸದೆ ಬಿಸಿನೀರಲ್ಲಿ ಏಳು ಸಲ ಜಾಲಿಸಿ, ಫಿಲ್ಟರಿನ ಬಾಯಿಗೆ ಗವಸು ಹೊಲಿದು ತೊಡಿಸಿದಳು.

ಮರುದಿನ ಬೆಳಿಗ್ಗೆಗೆ ಫಿಲ್ಟರ್ ಉಬ್ಬಸದವರ ಹಾಗೆ ಗೊರಗೊರ ಅನ್ನುತ್ತಿತ್ತು. ಬಟ್ಟೆಯ ತುಂಬ ಕೊಳೆ ಕಟ್ಟಿ ನೀರು ಹನಿಹನಿಯಾಗಿ ಬೀಳುತ್ತಿತ್ತು. ಟೈಲರಮ್ಮ ಕುಳಿತು ಯೋಚಿಸಿದಳು. ಎಳೆತವೆಲ್ಲ ಒಂದೇ ಕಡೆ ಬಿದ್ದರೆ ಎಂಥ ಹೊಲಿಗೆಯೂ ಹರಿಯುತ್ತದೆ. ನೆರಿಗೆ ಕೊಟ್ಟು ಹರಡಿದರೆ ತಡೆಯುತ್ತದೆ. ಇಲ್ಲಿಯೂ ಅಷ್ಟೇ ತಾನೆ. ಬಾಯಿ ದೊಡ್ಡದಾದರೆ ಸೆಳೆತ ಮೆತ್ತಗಾಗಬೇಕು.

ಬೀರುವಿನ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಭುಜಕ್ಕಿಡುವ ಸ್ಪಂಜುಗಳು ಇನ್ನೂ ಬಿದ್ದಿದ್ದವು. ಒಂದು ಕಾಲಕ್ಕೆ ಊರಿನ ಹೆಂಗಸರಿಗೆಲ್ಲ ಬಾಗಿಲಿನಷ್ಟು ಚೌಕದ ಭುಜ ಬೇಕಾಗಿತ್ತು. ಅವಳೇ ಹೊಲಿದು ಹೊಲಿದು ಕೊಟ್ಟಿದ್ದಳು. ಭುಜಗಳು ಇಳಿದವು, ಸ್ಪಂಜು ಉಳಿಯಿತು. ನಾಲ್ಕನ್ನು ಒಂದರ ಮೇಲೊಂದಿಟ್ಟು, ದುಂಡಗೆ ಕತ್ತರಿಸಿ, ನಡುವೆ ತೂತು ಕೊರೆದು ಫಿಲ್ಟರಿನ ಬಾಯಿಗೆ ತುರುಕಿದಳು. ಮುಷ್ಟಿಗಾತ್ರದ ಸ್ಪಂಜು, ಅದರ ಮೇಲೆ ಕಾಲುಚೀಲದ ಗವಸು. ನೀರು ಸದ್ದಿಲ್ಲದೆ ಹರಿಯಿತು. ಆದರೆ ಕಟ್ಟಬೇಕಲ್ಲ? ದಾರ ನೀರಿನಲ್ಲಿ ಸಡಿಲಾಗುತ್ತದೆ, ರಬ್ಬರು ಕೊಳೆಯುತ್ತದೆ.

ಅಣ್ಣನ ಡಬ್ಬ ಬಿಚ್ಚಿದಳು. ತೆಳ್ಳನೆಯ ವೈಂಡಿಂಗ್ ತಂತಿಯ ಸುರುಳಿ, ಅವನು ಸುತ್ತಿಟ್ಟದ್ದು ಸುತ್ತಿಟ್ಟಂತೆಯೇ ಇತ್ತು. ಚಿಕ್ಕಂದಿನಲ್ಲಿ ಅವನೇ ಕಲಿಸಿದ್ದ: "ತುದಿ ಕೆರೆದು ತಿರುಚು. ಮೇಲಿನ ಬಣ್ಣ ಹೋಗೋ ತನಕ ಕೆರೆಯಬೇಕು. ಕೆರೆಯದ ತಂತಿ ಮಾತು ಬಿಟ್ಟ ನೆಂಟರ ಹಾಗೆ, ಪಕ್ಕದಲ್ಲೇ ಇದ್ರೂ ಸೇರಲ್ಲ." ಬ್ಲೇಡು ತೆಗೆದುಕೊಂಡು ಕೆರೆದಳು. ಒಳಗಿನ ತಾಮ್ರ ಕೆಂಪಗೆ ಮಿನುಗಿತು. ಸ್ಪಂಜಿನ ಸುತ್ತ ನಾಲ್ಕು ಸುತ್ತು ಸುತ್ತಿ, ತುದಿಗಳನ್ನು ಅವನು ಹೇಳಿಕೊಟ್ಟಂತೆಯೇ ತಿರುಚಿ, ನೀರಿಗಿಳಿಸಿದಳು. ಕೊನೆಗೂ ಅಣ್ಣನೇ ನೀರಿಗೆ ಕೈ ಹಾಕಿದಂತಾಯಿತು ಎಂದುಕೊಂಡಳು. ಮನಸ್ಸಿಗೆ ಎಷ್ಟೋ ದಿನದ ಮೇಲೆ ಹಿತವೆನಿಸಿತು.

ಮೂರನೆಯ ದಿನ ಒಂದು ಗಂಡು ಬೆಳ್ಳಗಾಗಿ ಅಡ್ಡ ಬಿದ್ದಿತ್ತು. ವಯಸ್ಸಾಗಿತ್ತೇನೋ ಎಂದು ಸಮಾಧಾನ ಮಾಡಿಕೊಂಡಳು. ಆದರೆ ಹೆಣ್ಣು ಸೀಗಡಿ ತಿನ್ನುತ್ತಿರಲಿಲ್ಲ. ಗಾಜಿಗೆ ಡಿಕ್ಕಿ ಹೊಡೆಯುತ್ತ ಮೇಲೆ ಕೆಳಗೆ ಓಡುತ್ತಿತ್ತು. ಮರಳಿನ ಮೇಲೆ ಎರಡು ಹಳದಿ ಮೊಟ್ಟೆಗಳು ಉದುರಿ ಬಿದ್ದಿದ್ದವು.

ಆ ಹೊತ್ತಿಗೆ ಸರಿಯಾಗಿ ಪ್ಯಾಂಟು ಹಿಡಿದುಕೊಂಡು ವಾರ್ನಿಷಣ್ಣ ಬಂದ. ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ನಲವತ್ತೇಳು ವರ್ಷ ಕೆಲಸ ಮಾಡಿದವನು. ಸುತ್ತಿದ ಕಾಯಿಲುಗಳನ್ನು ವಾರ್ನಿಷಿನಲ್ಲಿ ಅದ್ದುವುದು ಅವನ ಪಾಲಿನ ಕೆಲಸವಾಗಿತ್ತು, ಅದೇ ಹೆಸರಾಗಿ ಅಂಟಿಕೊಂಡಿತ್ತು.

"ಸೊಂಟ ಎರಡಿಂಚು ಹಿಡಿ ಕಣಮ್ಮ. ನಾನು ಸಣ್ಣ ಆಗ್ತಿದೀನೋ ಪ್ಯಾಂಟೇ ಬೆಳೀತಿದೆಯೋ ಗೊತ್ತಾಗ್ತಿಲ್ಲ," ಎಂದವನು ತೊಟ್ಟಿಯ ಕಡೆ ತಿರುಗಿದ. ಒಂದು ಮಾರು ದೂರದಲ್ಲೇ ನಿಂತು, ಕೈ ಹಿಂದೆ ಕಟ್ಟಿಕೊಂಡು, ಕತ್ತು ಮಾತ್ರ ಮುಂದೆ ಚಾಚಿ ನೋಡಿದ. "ಅಲ್ಲಿ ಕೆಂಪಗೆ ಮಿನುಗ್ತಿರೋದು ಏನದು?"

"ಅಣ್ಣನ ತಂತಿ. ಸ್ಪಂಜು ಜಾರದ ಹಾಗೆ ಕಟ್ಟಿದೀನಿ."

"ಮೊದಲು ಅದನ್ನ ತೆಗಿ."

"ಯಾಕೆ? ತುದಿ ಕೆರೆದು ಸರಿಯಾಗೇ ಕಟ್ಟಿದೀನಿ."

"ಕೆರೆದಿದ್ದೇ ತಪ್ಪಾಯ್ತು. ತಾಮ್ರ ಅವಕ್ಕೆ ವಿಷ ಕಣಮ್ಮ. ಮೀನು ಹೇಗೋ ತಡ್ಕೊಳ್ಳುತ್ತೆ, ಸೀಗಡಿ ತಡೆಯಲ್ಲ. ತೆಗಿ, ಆಮೇಲೆ ಮಾತಾಡೋಣ."

ಅವಳು ತೋಳು ಮೇಲೇರಿಸುವಷ್ಟೂ ತಡೆಯದೆ ಕೈ ಹಾಕಿ, ತಂತಿ ಬಿಚ್ಚಿ ಎಳೆದು ಹೊರಗೆಸೆದಳು. ಒದ್ದೆಯಾದ ಕೈಯಿಂದ ನೀರು ಯಾರದೋ ಹೊಸ ಬಟ್ಟೆಯ ಮೇಲೆ ಹನಿಯುತ್ತಿತ್ತು.

"ಅಣ್ಣಂಗೆ ಇದು ಗೊತ್ತಿತ್ತಾ?" ಎಂದು ಕೇಳಿದಳು.

ವಾರ್ನಿಷಣ್ಣ ಸ್ಟೂಲಿನ ಮೇಲೆ ಕುಳಿತ. "ಗೊತ್ತಿಲ್ದೆ ಏನು. ಮೊದಲನೇ ಸಲ ಕಾಲುವೆಯಿಂದ ಸೀಗಡಿ ತಂದಾಗ ಅವನೇ ಕೈ ಹಾಕಿ ಎಲ್ಲ ಜೋಡಿಸಿದ್ದ. ಇಡೀ ದಿನ ತಂತಿ ಕೆರೆದ ಕೈ, ಉಗುರಿನ ಸಂದಿಯಲ್ಲೆಲ್ಲ ತಾಮ್ರದ ಪುಡಿ. ಎರಡೇ ದಿನಕ್ಕೆ ಒಂದೂ ಉಳೀಲಿಲ್ಲ. ನಮ್ಮ ಹಳೇ ಮೇಸ್ತ್ರಿ ನೋಡಿ, ನಿನ್ನ ಕೈಯೇ ಕೊಂದಿದ್ದು ಕಣೋ ಅಂದ. ಬೈದು ಅಂದಿದ್ದಲ್ಲ, ಸುಮ್ನೆ ಅಂದಿದ್ದು. ಅವತ್ತಿಂದ ಇವನು ತೊಟ್ಟಿ ಮುಟ್ಟಲಿಲ್ಲ. ನನ್ನನ್ನೂ ಹತ್ರ ಬಿಡ್ತಿರಲಿಲ್ಲ. ಕೈಯಿಂದ ಅಷ್ಟೆಲ್ಲ ವಿಷ ಇಳಿಯುತ್ತೋ ಇಲ್ವೋ ನಂಗಂತೂ ಗೊತ್ತಿಲ್ಲ. ಅವನು ನಂಬಿದ್ದ."

"ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ."

"ನಾನೇ ಕೊಂದೆ ಅಂತ ತಂಗಿ ಹತ್ರ ಯಾರು ಹೇಳ್ಕೊಳ್ತಾರೆ? ಅದೂ ನಿಮ್ಮಣ್ಣ."

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅಣ್ಣನ ಬಳಿ ಆ ಬಂಗಾರ ಮಣಗಟ್ಟಲೆ ಇತ್ತು, ಯಾರ ಉಪಯೋಗಕ್ಕೂ ಬರಲಿಲ್ಲ. ಟೈಲರಮ್ಮ ತನ್ನ ಒದ್ದೆ ಕೈ ನೋಡಿಕೊಂಡಳು. ದೊರೆ ಎಂದು ಹಂಗಿಸಿದ್ದಳು. ಎಷ್ಟು ಸಲ? ಬೆರಳು ಕೆದಕುವ ಆ ಸೀಗಡಿಯನ್ನು ಅವನು ಒಂದು ಮಾರು ದೂರದಿಂದ ನೋಡುತ್ತಿದ್ದ. ಅವನಿಗೂ ಆಸೆಯಿತ್ತು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆ ಆಸೆಯನ್ನೂ ಅಲ್ಲಿಯೇ ಸಿಕ್ಕಿಸಿಕೊಂಡಿದ್ದ. ಅವಳಿಗೆ ಅಣ್ಣನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅವನು ಬೇಕೆನಿಸಿತು.

ವಾರ್ನಿಷಣ್ಣ ಹೇಳಿದಂತೆ, ಒಂದು ದಿನ ಬಕೆಟಿನಲ್ಲಿ ನಿಲ್ಲಿಸಿದ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಬಿಟ್ಟು, ನಾಲ್ಕು ದಿನ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿದಳು. ತಾಮ್ರ ತಾಗಿದ ಸ್ಪಂಜನ್ನೂ ಗವಸನ್ನೂ ಎಸೆದು ಹೊಸದು ಮಾಡಿದಳು. ಈ ಸಲ ಕಟ್ಟಿದ್ದು ಕೋಟಿನ ಗುಂಡಿ ಹೊಲಿಯುವ ಗಟ್ಟಿ ನೈಲಾನ್ ದಾರದಿಂದ. ಅದು ಮೊದಲಿನಿಂದಲೂ ಅವಳ ಮೇಜಿನ ಖಾನೆಯಲ್ಲೇ ಇತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವರು ಅವಳೊಬ್ಬಳೇ ಅಲ್ಲ. ಸ್ಪಂಜಿಗೆ ಕೊಳೆ ಕಟ್ಟಿದರೆ ನಲ್ಲಿಗೆ ಹಿಡಿಯದೆ, ತೊಟ್ಟಿಯದೇ ನೀರನ್ನು ಬೋಗುಣಿಗೆ ತೆಗೆದು ಅದರಲ್ಲೇ ಹಿಂಡಿದಳು. ಹೆಣ್ಣು ಸೀಗಡಿ ಓಡಾಟ ನಿಲ್ಲಿಸಿ ಪಾಚಿಯ ಮೇಲೆ ಕುಳಿತಿತು. ಗೊಂಚಲು ಅರ್ಧಕ್ಕೆ ಇಳಿದಿತ್ತು. ಉಳಿದ ಮೊಟ್ಟೆಗಳಿಗೆ ಅದು ಬಿಡದೆ ಕಾಲಿಂದ ಗಾಳಿ ಬೀಸುತ್ತಿತ್ತು.

ಮೂರು ವಾರ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ ಅದರ ಹೊಟ್ಟೆ ಖಾಲಿ. ಟೈಲರಮ್ಮ ತಡಬಡಿಸಿ ಫಿಲ್ಟರಿನ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ತೊಟ್ಟಿಯಲ್ಲೂ ಏನೂ ಕಾಣಲಿಲ್ಲ. ಗಿರಾಕಿಗಳು ಬಂದರು, ಹೋದರು. ಒಬ್ಬರ ರವಿಕೆಯ ಬಲತೋಳನ್ನು ಎಡಕ್ಕೆ ಕೂಡಿಸಿ ಬಿಚ್ಚಿದಳು. ಸಂಜೆ ಬಿಸಿಲು ಓರೆಯಾಗಿ ಗಾಜಿಗೆ ಬಿದ್ದಾಗ ಸ್ಪಂಜಿನ ಮೇಲೆ ಧೂಳು ಅಲುಗಿದಂತೆ ಕಂಡಿತು. ಕನ್ನಡಕ ಹಾಕಿಕೊಂಡಳು. ಧೂಳಿಗೆ ಕಾಲುಗಳಿದ್ದವು. ಅವು ಅವಳು ಕಟ್ಟಿದ ಸ್ಪಂಜಿನ ಮೇಲೆಯೇ, ನೀರು ಎಳೆದು ತಂದ ಕಣಗಳನ್ನು ಮೇಯುತ್ತಿದ್ದವು. ಹದಿನಾಲ್ಕರವರೆಗೆ ಎಣಿಸಿ ಕಣ್ಣು ಮಂಜಾಗಿ ಬಿಟ್ಟಳು.

ಅತ್ತಿಗೆಗೆ ಫೋನು ಮಾಡಿದಳು. "ಆ ಹುಳಗಳನ್ನ ನೋಡೋಕೆ ನಾನು ಯಾಕೆ ಬರ್ಲಿ," ಎಂದ ಅತ್ತಿಗೆ ಮರುದಿನ ಮಧ್ಯಾಹ್ನ ಬಂದೇ ಬಂದಳು. ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತು ತುಂಬ ಹೊತ್ತು ನೋಡಿದಳು. ಏನೂ ಕಾಣುವುದಿಲ್ಲ ಎಂದಳು. ಆಮೇಲೆ ಒಂದು ಕಂಡಿತು, ಒಂದು ಕಂಡ ಮೇಲೆ ಎಲ್ಲವೂ ಕಂಡವು. ಅವಳ ಮುಖ ಮೆತ್ತಗಾಗುವುದನ್ನು ನೋಡಿ ಟೈಲರಮ್ಮ ಇದೇ ಹೊತ್ತೆಂದು ತಂತಿಯ ಕತೆ, ವಾರ್ನಿಷಣ್ಣ ಹೇಳಿದ ಕತೆ, ಎಲ್ಲ ಹೇಳಿದಳು.

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಳು.

"ಸೋಮಾರಿತನ ಅಂದ್ಕೊಂಡಿದ್ವಲ್ಲ ಅತ್ತಿಗೆ ಇಬ್ರೂ," ಎಂದಳು ಟೈಲರಮ್ಮ.

"ನಾನು ಸೋಮಾರಿತನ ಅಂದ್ಕೊಂಡಿದ್ರೆ ಪರವಾಗಿರಲಿಲ್ಲ." ಅತ್ತಿಗೆ ತೊಟ್ಟಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಮಗೂನ ಮನೆಗೆ ಕರ್ಕೊಂಡು ಬಂದಾಗ ನಿಮ್ಮಣ್ಣ ಬಾಗಿಲಲ್ಲೇ ನಿಂತು ನೋಡಿದ್ರು. ಎತ್ಕೊಳ್ಳಿ ಅಂದೆ. ಬೇಡ, ನಿನ್ನ ಹತ್ರನೇ ಇರ್ಲಿ ಅಂದ್ರು. ನಾಳೆ ಎತ್ಕೋತಾರೆ, ನಾಡಿದ್ದು ಎತ್ಕೋತಾರೆ ಅಂತ ಕಾದೆ. ಅವಳು ನಡೆಯೋ ಹೊತ್ತಿಗೆ ಕಾಯೋದು ಬಿಟ್ಟೆ. ಹೆಣ್ಣು ಅಂತ ಮುಟ್ಟಲ್ಲ ಅಂದ್ಕೊಂಡೆ."

"ತಾಮ್ರ ಮಗೂಗೆ ಏನೂ ಮಾಡಲ್ಲ ಅತ್ತಿಗೆ."

"ಅದು ನಿಂಗೊತ್ತು. ಅವರಿಗೆ ಗೊತ್ತಿತ್ತಾ?"

ಹೊರಗೆ ಯಾರೋ ಸೈಕಲ್ ಗಂಟೆ ಹೊಡೆದು ಹೋದರು. ಅತ್ತಿಗೆ ಮೂಗು ಒರೆಸಿಕೊಂಡಳು.

"ನನ್ನೊಳಗೇ ಇಟ್ಕೊಂಡಿದ್ರೆ ಆಗ್ತಿತ್ತು. ಅವಳು ದೊಡ್ಡವಳಾದ್ಮೇಲೆ ಒಂದಿನ ಕೇಳಿದ್ಲು, ಅಪ್ಪ ಯಾಕಮ್ಮ ನನ್ನ ಹತ್ರ ಬರಲ್ಲ ಅಂತ. ಬಾಯಿ ಸುಮ್ನಿರಲಿಲ್ಲ. ಅವರಿಗೆ ಗಂಡು ಬೇಕಿತ್ತು ಅಂದ್ಬಿಟ್ಟೆ. ಅವಳು ಆಮೇಲೆ ಅವರನ್ನ ಏನೂ ಕೇಳಲಿಲ್ಲ. ಅವರು ತೀರ್ಕೊಂಡಾಗ್ಲೂ ಅವಳ ಕಣ್ಣಲ್ಲಿ ನೀರು ಬರಲಿಲ್ಲ, ನೀನೇ ನೋಡಿದೀಯಲ್ಲ."

ಟೈಲರಮ್ಮ ನೋಡಿದ್ದಳು. ನರ್ಸಾದವರಿಗೆ ಸಾವು ಅಭ್ಯಾಸವಾಗಿರುತ್ತದೆ ಎಂದು ಆಗ ಅಂದುಕೊಂಡಿದ್ದಳು.

ಅತ್ತಿಗೆ ಚೀಲದಿಂದ ಫೋನು ತೆಗೆದು, ನಾದಿನಿಯ ಕೈಗೆ ಕೊಟ್ಟು, ಮಗಳ ನಂಬರು ಒತ್ತಿಸಿದಳು. ಆ ಕಡೆಯಿಂದ ಆಸ್ಪತ್ರೆಯ ಗದ್ದಲದ ನಡುವೆ ಮಗಳ ಧ್ವನಿ ಕೇಳಿಸಿತು.

"ಡ್ಯೂಟೀಲಿದೀನಿ ಅಮ್ಮ. ಏನಿದ್ರೂ ಬೇಗ ಹೇಳು."

"ಬೇಗ ಹೇಳೋ ವಿಷಯ ಅಲ್ಲ ಕಣೆ," ಎಂದಳು ಅತ್ತಿಗೆ. "ನಿಮ್ಮಪ್ಪನ ಬಗ್ಗೆ ನಿಂಗೊಂದು ಸುಳ್ಳು ಹೇಳಿದ್ದೆ. ನಿಜ ಅಂದ್ಕೊಂಡೇ ಹೇಳಿದ್ದೆ. ನೀನು ಎಲ್ಲಾದ್ರೂ ಒಂದು ಕಡೆ ಕೂತ್ಕೋ."